ಪಟ್ಟಿ ಬರೆಯಬೇಕಾದವರು ಅಲ್ಲಿನ ಮೇಷ್ಟ್ರು

ತಾಂಜಾನಿಯಾದ ಶಾಲೆಗಳಲ್ಲಿ ತರಗತಿಗಳು ಶುರುವಾಗುವುದು ಜನವರಿಯಲ್ಲಿ, ಮುಗಿಯುವುದು ಡಿಸೆಂಬರ್‌ನಲ್ಲಿ. ನಡುವಿನ ದೊಡ್ಡ ರಜೆ ಬೀಳುವುದು ಜೂನ್‌ನಲ್ಲಿ. ಯುರೋಪ್, ಅಮೆರಿಕದ ಕಾಲೇಜು ವಿದ್ಯಾರ್ಥಿಗಳಿಗೂ ನಮ್ಮ ಬೆಂಗಳೂರು, ಮೈಸೂರಿನ ಹಲವು ಕಾಲೇಜುಗಳ ಹುಡುಗ ಹುಡುಗಿಯರಿಗೂ ಬಿಡುವು ಸಿಗುವುದು ಹೆಚ್ಚುಕಡಿಮೆ ಅದೇ ಹೊತ್ತಿಗೆ. ಆರು ವಾರ ಪಾಠ ಹೇಳಿಬರುತ್ತೇವೆಂದು ಟಿಕೆಟ್ ತೆಗೆದವರಿಗೆ ಅದರಲ್ಲಿ ನಾಲ್ಕು ವಾರ ಶಾಲೆಯೇ ಇರುವುದಿಲ್ಲ ಎಂಬುದು ಅಲ್ಲಿ ಇಳಿದ ಮೇಲೆ ಗೊತ್ತಾದರೆ, ಹೊತ್ತು ತಂದ 23 ಕಿಲೋ ಚೀಲದಲ್ಲಿ ಏನಿದ್ದರೇನು?

ವಿದೇಶದಲ್ಲಿ ಸ್ವಯಂಸೇವಕರಾಗಿ ಕಲಿಸಲು ಹೊರಡುವವರು ಕೇಳುವ ಮೊದಲ ಪ್ರಶ್ನೆ, ಏನೇನು ಒಯ್ಯಬೇಕು ಎಂಬುದು. ಕೇಳುವುದು ಯಾರನ್ನು? ಹಿಂದಿನ ವರ್ಷ ಹೋಗಿಬಂದ ಸೀನಿಯರನ್ನು, ಕಳುಹಿಸುವ ಸಂಸ್ಥೆಯನ್ನು, ಹೊರದೇಶದಲ್ಲಿರುವ ಚಿಕ್ಕಪ್ಪನನ್ನು. ತಾವು ನಿಲ್ಲಲಿರುವ ತರಗತಿಯ ಶಿಕ್ಷಕರಿಗೆ ಒಂದು ವಾಟ್ಸ್‌ಆ್ಯಪ್ ಸಂದೇಶ ಕಳುಹಿಸಿ ಕೇಳುವವರು ಕಡಿಮೆ. ಪ್ರಶ್ನೆ ಸರಿಯಾಗಿಯೇ ಇದೆ, ಹೋಗಬೇಕಾದ ವಿಳಾಸಕ್ಕೆ ಅದು ಹೋಗುತ್ತಿಲ್ಲ. ಈ ಇಡೀ ವ್ಯವಸ್ಥೆಯ ದೊಡ್ಡ ದೋಷ ಅಲ್ಲೇ ಇದೆ ಎಂಬುದು ನನ್ನ ಅಭಿಪ್ರಾಯ.

ಕಿಲಿಮಂಜಾರೊ ಬೆಟ್ಟದ ಸುತ್ತಲಿನ ಮೋಶಿ ಮತ್ತು ಅರೂಷಾ ಪಟ್ಟಣಗಳಿಗೆ ಸ್ವಯಂಸೇವಕರು ಹೆಚ್ಚಾಗಿ ಬರುತ್ತಾರೆ. ಬೆಟ್ಟ, ಸಫಾರಿ ಹತ್ತಿರವೆಂಬುದೂ ಅದಕ್ಕೊಂದು ಕಾರಣ. ಅವರ ಚೀಲಗಳಲ್ಲಿ ಸಾಮಾನ್ಯವಾಗಿ ಕಾಣುವುದು ‘ಎ ಫಾರ್ ಆ್ಯಪಲ್’ ಚಾರ್ಟು, ಎರಡು ಡಜನ್ ಸ್ಕೆಚ್ ಪೆನ್ನು, ಬಲೂನು, ಚಾಕೊಲೇಟ್, ಮನೆಯಲ್ಲಿ ಉಳಿದ ಕಥೆ ಪುಸ್ತಕ, ಕೊಟ್ಟುಬರಲೆಂದು ಒಂದಷ್ಟು ಹಳೆ ಬಟ್ಟೆ. 2016ರಲ್ಲಿ ಸೆಕೆಂಡರಿವರೆಗಿನ ಸರ್ಕಾರಿ ಶಾಲೆಗಳಲ್ಲಿ ಶುಲ್ಕ ರದ್ದಾದ ಮೇಲೆ ದಾಖಲಾತಿ ಏರಿತು. ಒಂದೇ ಕೋಣೆಯಲ್ಲಿ ಎಪ್ಪತ್ತು, ಎಂಬತ್ತು ಮಕ್ಕಳು ಕೂರುವುದು ಅಪರೂಪವಲ್ಲ. ಅಷ್ಟು ಮಕ್ಕಳ ನಡುವೆ ಇಪ್ಪತ್ತನಾಲ್ಕು ಸ್ಕೆಚ್ ಪೆನ್ನು ಇಟ್ಟರೆ ಏನಾಗುತ್ತದೆ? ಮುಂದಿನ ಬೆಂಚಿನವರ ಕೈಗೆ ಸಿಗುತ್ತದೆ, ಹಿಂದಿನವರು ಎದ್ದು ಬರುತ್ತಾರೆ, ಪಾಠ ನಿಲ್ಲುತ್ತದೆ. ಗದ್ದಲ ತಣ್ಣಗಾಗಿಸುವ ಕೆಲಸ ಅಲ್ಲಿನ ಟೀಚರ್ ಪಾಲಿಗೆ. ವಾರದೊಳಗೆ ಮುಚ್ಚಳ ಕಳೆದು ಪೆನ್ನುಗಳು ಒಣಗಿರುತ್ತವೆ. ಹಳೆ ಬಟ್ಟೆಯಂತೂ ಅಲ್ಲಿಗೆ ಬೇಡವೇ ಬೇಡ. ‘ಮಿತುಂಬಾ’ ಎಂದು ಕರೆಯುವ ಸೆಕೆಂಡ್ ಹ್ಯಾಂಡ್ ಬಟ್ಟೆ ಹೊರದೇಶಗಳಿಂದ ಮೂಟೆ ಮೂಟೆಯಾಗಿ ಬಂದು ಮೋಶಿಯ ಮಾರುಕಟ್ಟೆಯಲ್ಲಿ ರಾಶಿ ಬಿದ್ದಿರುತ್ತದೆ. ನೋಟ್‌ಬುಕ್, ಸೀಮೆಸುಣ್ಣ, ಬಣ್ಣದ ಕಾಗದ ಎಲ್ಲವೂ ಪಟ್ಟಣದ ಅಂಗಡಿಗಳಲ್ಲೇ ಸಿಗುತ್ತವೆ. ಹಣವನ್ನು ಅಲ್ಲೇ ಖರ್ಚು ಮಾಡಿದರೆ ಅಂಗಡಿಯವನಿಗೂ ವ್ಯಾಪಾರ. ಬಂದವರು ಹೊರಟುಹೋದ ಮೇಲೂ ಅದೇ ಸಾಮಾನು ಶಾಲೆಗೆ ಸಿಗುತ್ತಿರುತ್ತದೆ.

ಹಾಗಾದರೆ ಅಲ್ಲಿನ ಶಿಕ್ಷಕರಿಗೆ ಬೇಕಾದದ್ದೇನು? ತಾಂಜಾನಿಯಾದ ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಇಂಗ್ಲಿಷ್ ಬಿಟ್ಟು ಉಳಿದ ವಿಷಯಗಳ ಪಾಠ ಸಾಮಾನ್ಯವಾಗಿ ಸ್ವಾಹಿಲಿಯಲ್ಲಿ. ಸೆಕೆಂಡರಿಗೆ ಕಾಲಿಟ್ಟ ದಿನದಿಂದ ಗಣಿತ, ಜೀವವಿಜ್ಞಾನ, ಭೂಗೋಳ, ಪರೀಕ್ಷೆ ಎಲ್ಲವೂ ಇಂಗ್ಲಿಷ್‌ನಲ್ಲಿ. ಪ್ರಾಥಮಿಕದಲ್ಲಿ ಕೈಯೆತ್ತಿ ಉತ್ತರ ಹೇಳುತ್ತಿದ್ದ ಮಗು ಸೆಕೆಂಡರಿಯ ಮೊದಲ ವರ್ಷವಾದ ಫಾರ್ಮ್ ಒನ್‌ನಲ್ಲಿ ಬೋರ್ಡ್ ಮೇಲಿನದನ್ನು ಅಕ್ಷರ ತಪ್ಪದೆ ನಕಲು ಮಾಡಿಕೊಂಡು ಸುಮ್ಮನೆ ಕೂರುತ್ತದೆ. ಬರೆದುಕೊಂಡದ್ದರ ಅರ್ಥ ಕೇಳಿದರೆ ತಲೆ ತಗ್ಗಿಸುತ್ತದೆ. ಟೀಚರ್ ಅರ್ಧ ಸ್ವಾಹಿಲಿ, ಅರ್ಧ ಇಂಗ್ಲಿಷ್‌ನಲ್ಲಿ ವಿವರಿಸಿ ಹೇಗೋ ದಾಟಿಸುತ್ತಾರೆ. ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಪಿಯುಸಿ ವಿಜ್ಞಾನಕ್ಕೆ ಸೇರಿದ ಯಾರಿಗಾದರೂ ಈ ಸಂಕಟವನ್ನು ವಿವರಿಸಬೇಕಿಲ್ಲ. ಲಂಡನ್ನಿನಿಂದ ಬಂದ ಸ್ವಯಂಸೇವಕಿಗೆ ಆ ಮಗುವಿನ ಮೌನ ದಡ್ಡತನದಂತೆ ಕಾಣಬಹುದು. ಹಾಸನದಿಂದಲೋ ಕೊಪ್ಪಳದಿಂದಲೋ ಹೋದ ಹುಡುಗನಿಗೆ ಹಾಗೆ ಕಾಣಲಾರದು, ಆ ಮೌನ ಅವನಿಗೂ ಗೊತ್ತು. ಕನ್ನಡಿಗರು ಒಯ್ಯಬಹುದಾದ ಅತ್ಯಂತ ಬೆಲೆಬಾಳುವ ಸಾಮಾನು ಇದೇ. ವಿಷಾದವೆಂದರೆ, ಮುಜುಗರದಿಂದ ಅದನ್ನೇ ಮನೆಯಲ್ಲಿ ಬಿಟ್ಟು, ಇಂಗ್ಲಿಷ್ ಮಾಧ್ಯಮದವರ ಠೀವಿ ತೊಟ್ಟು ಹೊರಡುವವರಿದ್ದಾರೆ.

ಇದಕ್ಕೆ ಪೂರಕವಾಗಿ ಒಯ್ಯಬೇಕಾದದ್ದು ಅಲ್ಲಿನದೇ ಪಠ್ಯಪುಸ್ತಕ. ತಾಂಜಾನಿಯಾ ಇನ್‌ಸ್ಟಿಟ್ಯೂಟ್ ಆಫ್ ಎಜುಕೇಷನ್ ತನ್ನ ಪುಸ್ತಕಗಳನ್ನು ಆನ್‌ಲೈನ್ ಗ್ರಂಥಾಲಯದಲ್ಲಿ ಉಚಿತವಾಗಿ ಓದಲು ಇಟ್ಟಿದೆ. ಕಲಿಸಬೇಕಾದ ತರಗತಿಯ ಪುಸ್ತಕವನ್ನು ಮುಂಚೆಯೇ ಓದಿ, ಪ್ರತಿ ಪಾಠದ ಮುಖ್ಯ ಪದಗಳನ್ನು ಎರಡೂ ಭಾಷೆಗಳಲ್ಲಿ ಬರೆದಿಟ್ಟುಕೊಂಡ ಒಂದು ನೋಟ್‌ಬುಕ್ಕು ಹತ್ತು ಚಾರ್ಟುಗಳಿಗಿಂತ ಹೆಚ್ಚು ಉಪಕಾರಿ. ಸ್ವಾಹಿಲಿ ನಮಗೆ ತೀರಾ ಅನ್ಯ ಭಾಷೆಯೂ ಅಲ್ಲ: ಚಾಯ್, ಚಪಾತಿ, ದುಕಾ ಎಲ್ಲವೂ ಅಲ್ಲಿವೆ. ಹಿರಿಯರನ್ನು ಕಂಡಾಗ ‘ಶಿಕಾಮೂ’ ಎಂದು ವಂದಿಸುವುದನ್ನು ಮೊದಲ ದಿನವೇ ರೂಢಿಸಿಕೊಳ್ಳಬೇಕು. ಇನ್ನು ಕಲಿಕೋಪಕರಣದ ವಿಷಯಕ್ಕೆ ಬಂದರೆ, 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಆರಂಭವಾದ ನಲಿ-ಕಲಿ ನಮ್ಮ ಕಣ್ಣೆದುರೇ ಇದೆ. ಚಟುವಟಿಕೆಯಿಂದ ಕಲಿಸುವ ಆ ದಾರಿ ಬಲ್ಲವರಿಗೆ ಬೀಜ, ಬೆಣಚುಕಲ್ಲು, ಬಾಟಲಿ ಮುಚ್ಚಳ ಸಾಕು. ಅವು ಮೋಶಿಯಲ್ಲೂ ಸಿಗುತ್ತವೆ. ಹೊರಡುವ ಮುನ್ನ ಹತ್ತಿರದ ಸರ್ಕಾರಿ ಶಾಲೆಯ ನಲಿ-ಕಲಿ ಕೋಣೆಯಲ್ಲಿ ಒಂದು ವಾರ ಕೂತು ನೋಡಿದರೆ ಅದೂ ತಯಾರಿಯೇ.

ಉಳಿದ ಸಾಮಾನಿನ ಬಗ್ಗೆ ಹೆಚ್ಚು ಹೇಳಬೇಕಾದದ್ದಿಲ್ಲ, ಆದರೆ ತಪ್ಪಿದರೆ ತೊಂದರೆ ತರುವ ಕೆಲವಿವೆ. 2019ರ ಜೂನ್ 1ರಿಂದ ತಾಂಜಾನಿಯಾದಲ್ಲಿ ಪ್ಲಾಸ್ಟಿಕ್ ಕೈಚೀಲ ನಿಷಿದ್ಧ. ಅಮ್ಮ ಚಕ್ಕುಲಿ, ಚಟ್ನಿಪುಡಿ ಕಟ್ಟಿಕೊಟ್ಟ ಕವರುಗಳನ್ನು ಮನೆಯಲ್ಲೇ ಬಿಚ್ಚಿ ಡಬ್ಬಿಗೆ ಹಾಕಿಕೊಳ್ಳುವುದು ಒಳ್ಳೆಯದು. ದುಬೈ ಮೂಲಕ ಹೋಗುವವರು ಗಸಗಸೆಯನ್ನು ಅಪ್ಪಿತಪ್ಪಿಯೂ ಇಟ್ಟುಕೊಳ್ಳಬಾರದು. ಅದು ಅಲ್ಲಿ ಮಾದಕವಸ್ತುಗಳ ಕಾನೂನಿನಡಿ ಬರುತ್ತದೆ. ಬಿಸಿಬೇಳೆಬಾತ್ ಪುಡಿಗೆ ಗಸಗಸೆ ಹಾಕುವ ಮನೆಗಳುಂಟು, ಕೇಳಿಕೊಂಡೇ ಚೀಲಕ್ಕೆ ಹಾಕಬೇಕು. ಕೊಡೀನ್ ಇರುವ ಕೆಮ್ಮಿನ ಔಷಧಿಗೂ ಅದೇ ಎಚ್ಚರ. ಬೇಳೆ, ಮಸಾಲೆಗಾಗಿ ಚಿಂತೆ ಬೇಡ. ನೂರು ವರ್ಷಕ್ಕೂ ಹಿಂದೆ ನೆಲೆನಿಂತ ಗುಜರಾತಿ ವ್ಯಾಪಾರಿಗಳಿಂದಾಗಿ ದಾರ್ ಎಸ್ ಸಲಾಮ್‌ನಲ್ಲೂ ಅರೂಷಾದಲ್ಲೂ ಅವು ಸಿಗುತ್ತವೆ. ಮಲೇರಿಯಾ ತಡೆ ಮಾತ್ರೆಯನ್ನು ವೈದ್ಯರ ಸಲಹೆಯಂತೆ ಮೊದಲೇ ಶುರುಮಾಡಬೇಕು. ಪಕ್ಕದ ಕೆನ್ಯಾಕ್ಕೂ ಒಂದು ಸುತ್ತು ಹೋಗಿಬರುವ ಆಸೆಯಿದ್ದರೆ ಹಳದಿ ಜ್ವರದ ಲಸಿಕೆ ಪತ್ರ ಕೈಯಲ್ಲಿರಬೇಕು, ಇಲ್ಲದಿದ್ದರೆ ಭಾರತಕ್ಕೆ ಮರಳುವಾಗ ಆರು ದಿನಗಳವರೆಗೆ ಕ್ವಾರಂಟೈನ್‌ನಲ್ಲಿ ಇರಬೇಕಾದೀತು. ಲಸಿಕೆ ಪತ್ರಕ್ಕೆ ಮಾನ್ಯತೆ ಬರುವುದು ಚುಚ್ಚಿಸಿಕೊಂಡ ಹತ್ತು ದಿನಗಳ ಮೇಲೆ. ಮೋಶಿ, ಅರೂಷಾ ಎತ್ತರದ ಊರುಗಳಾದ್ದರಿಂದ ಜೂನ್, ಜುಲೈ ಚಳಿಗೆ ಸ್ವೆಟರ್ ಬೇಕು. ಇಸ್ತ್ರಿ ಮಾಡಿದ ಶರ್ಟು, ಮಂಡಿ ಮುಚ್ಚುವ ಉಡುಪು ಅಲ್ಲಿನ ಶಿಕ್ಷಕರ ಶಿಸ್ತು. ಹರಿದ ಜೀನ್ಸಿನಲ್ಲಿ ತರಗತಿಗೆ ಹೋಗುವುದು ಆ ವೃತ್ತಿಗೆ ಮಾಡುವ ಅವಮಾನ. ರಾಷ್ಟ್ರ ಕಟ್ಟಿದ ಜೂಲಿಯಸ್ ನೈರೆರೆಯವರನ್ನು ಇಂದಿಗೂ ‘ಮ್ವಾಲಿಮು’, ಅಂದರೆ ಮೇಷ್ಟ್ರು ಎಂದೇ ಕರೆಯುವ ದೇಶವದು.

ಕಾಗದಪತ್ರದ ಮಾತು ಸ್ವಲ್ಪ ಖಾರವಾಗಿಯೇ ಹೇಳಬೇಕು. ಪ್ರವಾಸಿ ವೀಸಾದಲ್ಲಿ ತಾಂಜಾನಿಯಾದ ಶಾಲೆಯಲ್ಲಿ ಕಲಿಸುವಂತಿಲ್ಲ. ಸ್ವಯಂಸೇವಕರಿಗೆ ಪ್ರತ್ಯೇಕ ಅನುಮತಿ ಇದೆ, ಅದಕ್ಕೆ ಹಣವೂ ಸಮಯವೂ ಬೇಕು. ‘ಟೂರಿಸ್ಟ್ ಅಂತ ಹೇಳಿಬಿಡಿ, ಯಾರೂ ಕೇಳಲ್ಲ’ ಎಂದು ಕಿವಿಮಾತು ಹೇಳುವ ಮಧ್ಯವರ್ತಿಗಳನ್ನು ಅಲ್ಲೇ ಬಿಟ್ಟುಬಿಡಬೇಕು. ಸಿಕ್ಕಿಬಿದ್ದರೆ ದಂಡ, ಗಡಿಪಾರಿನ ಭಯವಿರುವುದು ಹೋದವರಿಗೆ. ಅನುಮತಿಯಿಲ್ಲದವರನ್ನು ಸೇರಿಸಿಕೊಂಡ ಶಾಲೆಯೂ ವಿಚಾರಣೆ ಎದುರಿಸಬೇಕಾಗುತ್ತದೆ.

‘ಏನೂ ಇಲ್ಲದಿರುವುದಕ್ಕಿಂತ ಎರಡು ವಾರವಾದರೂ ಯಾರೋ ಬಂದು ಕಲಿಸಿದರೆ ಒಳ್ಳೆಯದಲ್ಲವೇ’ ಎಂಬ ವಾದವಿದೆ. ಒಪ್ಪುವುದು ಕಷ್ಟ. ಎರಡು ವಾರದವರಿಗಾಗಿ ಟೀಚರ್ ತಮ್ಮ ಪಾಠದ ಯೋಜನೆಯನ್ನು ಬದಿಗಿಡಬೇಕು. ಅವರು ಹೋದ ಮೇಲೆ ಬಿಟ್ಟ ಪಾಠವನ್ನು ಓಡೋಡಿ ಮುಗಿಸಬೇಕು. ಇನ್ನೊಂದು ತಂಡ ಬಂದು ಅದೇ ಹಾಡು, ಅದೇ ಆಟ ಮತ್ತೆ ಶುರುಮಾಡುತ್ತದೆ. 1961ರಲ್ಲಿ ಹುಟ್ಟಿದ ಅಮೆರಿಕದ ಪೀಸ್ ಕೋರ್ ಬಗ್ಗೆ ಎಷ್ಟೇ ಟೀಕೆ ಇರಲಿ, ಅದರ ಸ್ವಯಂಸೇವಕರ ಅವಧಿ 27 ತಿಂಗಳು. ಅದರಲ್ಲಿ ಮೊದಲ ಸುಮಾರು ಮೂರು ತಿಂಗಳು ಭಾಷೆ ಮತ್ತು ಕೆಲಸದ ತರಬೇತಿಗೇ ಮೀಸಲು. ಅಮೆರಿಕದ ವಿದ್ಯಾರ್ಥಿ ಸ್ವಯಂಸೇವಕರಿಗಂತೂ 1968ರಲ್ಲಿ ಚಿಂತಕ ಇವಾನ್ ಇಲ್ಲಿಚ್ ಮೆಕ್ಸಿಕೊದಲ್ಲಿ ನಿಂತು ಕಟುವಾದ ಪ್ರಶ್ನೆ ಹಾಕಿದ್ದರು: ಕರೆಯದವರ ಮನೆಗೆ ಉಪಕಾರ ಮಾಡಲು ಹೋಗುವ ಹಕ್ಕು ನಿಮಗೆ ಕೊಟ್ಟವರಾರು ಎಂಬ ಧಾಟಿ ಅವರದು. ಇಲ್ಲಿಚ್‌ರಷ್ಟು ದೂರ ನಾನು ಹೋಗುವುದಿಲ್ಲ. ಕರೆದರೆ ಹೋಗಬಹುದು, ಕರೆದವರು ಹೇಳಿದ್ದನ್ನು ಮಾಡಬಹುದು. ಹೋಗಲು ಎರಡೇ ವಾರವಿರುವವರು ತರಗತಿಯನ್ನು ಕೈಗೆತ್ತಿಕೊಳ್ಳದೆ, ಟೀಚರ್ ಪಕ್ಕದಲ್ಲಿ ಕೂತು ಉತ್ತರಪತ್ರಿಕೆ ತಿದ್ದುವುದಕ್ಕೋ ಇಂಗ್ಲಿಷ್ ಮಾತಿನ ಅಭ್ಯಾಸಕ್ಕೋ ನೆರವಾದರೆ ಅದು ಗೌರವದ ಕೆಲಸ.

ಇಂಥ ಪ್ರವಾಸಗಳಿಗೆ ಹಾಜರಾತಿ ರಿಯಾಯಿತಿ, ಪ್ರಮಾಣಪತ್ರದ ಮನ್ನಣೆ ಕೊಡುವ ಕರ್ನಾಟಕದ ಕಾಲೇಜುಗಳು ಒಂದು ಷರತ್ತು ಹಾಕಲಿ. ಆತಿಥೇಯ ಶಾಲೆಯ ಶಿಕ್ಷಕರೇ ಬರೆದ ಒಂದು ಪುಟ ಅರ್ಜಿಯ ಜೊತೆ ಇರಬೇಕು: ಯಾವ ತರಗತಿ, ಯಾವ ಪಾಠ, ಯಾವ ತಿಂಗಳು, ಏನು ತರಬೇಕು, ಏನು ತರಬಾರದು. ಕಳುಹಿಸುವ ಸಂಸ್ಥೆಗೆ ಅದನ್ನು ತರಿಸಿಕೊಡಲು ಆಗದಿದ್ದರೆ, ಆ ಶಾಲೆಯೊಂದಿಗೆ ಅದಕ್ಕೆ ನಿಜವಾದ ಸಂಬಂಧವಿಲ್ಲ ಎಂದೇ ತಿಳಿಯಬೇಕು. ಆ ಪುಟ ಪ್ರಯಾಣಕ್ಕೆ ಎರಡು ತಿಂಗಳು ಮೊದಲೇ ಬರಲಿ. ಪಠ್ಯಪುಸ್ತಕ ಓದಲು, ಒಂದಿಷ್ಟು ಸ್ವಾಹಿಲಿ ಕಲಿಯಲು, ಲಸಿಕೆ ಹಾಕಿಸಿಕೊಳ್ಳಲು, ಅನುಮತಿ ಮಾಡಿಸಲು ಅಷ್ಟಾದರೂ ಸಮಯ ಬೇಕು.