ಮೂರನೆಯ ಪೆಡಲು



ಅಮೆರಿಕದಲ್ಲಿ ಉದ್ಯೋಗದಲ್ಲಿರುವ ಯುವಕನೊಬ್ಬನ ತಂದೆಯವರು ಬರೆದ ಪತ್ರ ನನ್ನ ಮುಂದಿದೆ. ಮಗನು ಅಲ್ಲಿ 1966ರ ಫೋರ್ಡ್ ಮಸ್ಟಾಂಗ್ ಕಾರೊಂದನ್ನು ಕೊಂಡಿದ್ದಾನೆ. ಅದು ಗೇರನ್ನು ತಾನಾಗಿಯೇ ಬದಲಿಸಿಕೊಳ್ಳುವ ಆಟೊಮ್ಯಾಟಿಕ್ ಕಾರು. ಊರಿನಲ್ಲಿ ಕ್ಲಚ್ ತುಳಿದೇ ಚಾಲನೆ ಕಲಿತ ಆತನಿಗೆ ಅದು ಒಗ್ಗಲಿಲ್ಲ; ಕ್ಲಚ್ ಹಾಕಿಸಲು ಹೊರಟಿದ್ದಾನೆ. “ಒಂದು ಪೆಡಲು ಹೆಚ್ಚಿಸುವುದಕ್ಕೆ ಅರ್ಧ ಕಾರನ್ನೇ ಬಿಚ್ಚಬೇಕಂತೆ. ಹುಡುಗನನ್ನು ಯಾರಾದರೂ ವಂಚಿಸುತ್ತಿದ್ದಾರೆಯೇ?” ಎಂಬುದು ತಂದೆಯವರ ಆತಂಕ. ಯಂತ್ರವಿದ್ಯೆ ನನ್ನ ವ್ಯಾಸಂಗದ ವಿಷಯವಲ್ಲ. ಆದರೂ ಬಲ್ಲವರಿಂದ ಕೇಳಿ ತಿಳಿದುದನ್ನು ಇಲ್ಲಿ ನಿವೇದಿಸುತ್ತೇನೆ.

ಮಸ್ಟಾಂಗ್ ಕಾರು 1964ರ ಏಪ್ರಿಲ್ 17ರಂದು ನ್ಯೂಯಾರ್ಕಿನ ವಿಶ್ವಮೇಳದಲ್ಲಿ ಲೋಕಕ್ಕೆ ಪರಿಚಯವಾಯಿತು. ಅದರ ಮೂಲ ಬೆಲೆ 2,368 ಡಾಲರು. ಆ ಬೆಲೆಗೆ ದೊರೆಯುತ್ತಿದ್ದುದು ಕ್ಲಚ್ ಇರುವ ಮೂರು ಗೇರಿನ ಕಾರೇ. ಸಿ-4 ಎಂಬ ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಬೇಕಾದವರು ಹೆಚ್ಚು ಹಣ ತೆರಬೇಕಿತ್ತು. ಆದುದರಿಂದ ಈ ಯುವಕನು ಬಯಸಿರುವುದು ಆ ಕಾರಿಗೆ ಹೊರಗಿನದೇನೂ ಅಲ್ಲ. ಬೇಕಾದ ಭಾಗಗಳನ್ನು ಹೊಸದಾಗಿ ಕಲ್ಪಿಸಬೇಕಿಲ್ಲ, ಹುಡುಕಿದರೆ ಸಾಕು.

ಆದರೆ ಪೆಡಲು ಕಣ್ಣಿಗೆ ಕಾಣುವ ತುದಿ ಮಾತ್ರ. ಆಟೊಮ್ಯಾಟಿಕ್ ಕಾರಿನಲ್ಲಿ ಎಂಜಿನ್ನಿನ ಬಲವು ಟಾರ್ಕ್ ಕನ್ವರ್ಟರಿನೊಳಗಿನ ಎಣ್ಣೆಯ ಮೂಲಕ ಗೇರ್‌ಬಾಕ್ಸಿಗೆ ಹರಿಯುತ್ತದೆ. ಅಲ್ಲಿ ಕಾಲಿನಿಂದ ಬಿಡಿಸುವ ತಟ್ಟೆಯೇ ಇಲ್ಲ. ಕ್ಲಚ್ ಬೇಕೆಂದರೆ ಗೇರ್‌ಬಾಕ್ಸನ್ನು ಇಳಿಸಬೇಕು. ತೆಳುವಾದ ಫ್ಲೆಕ್ಸ್ ಪ್ಲೇಟನ್ನು ತೆಗೆದು ಭಾರವಾದ ಫ್ಲೈವೀಲ್, ಕ್ಲಚ್ ಪ್ಲೇಟ್, ಪ್ರೆಶರ್ ಪ್ಲೇಟ್‌ಗಳನ್ನು ಕೂರಿಸಬೇಕು. ಕ್ರ್ಯಾಂಕ್ ಶಾಫ್ಟಿನ ಹಿಂತುದಿಗೆ ಪೈಲಟ್ ಬುಷ್ ಹೊಡೆಯಬೇಕು. ಈ ಕಿರುಬುಷ್ ಮರೆತರೆ ಗೇರ್‌ಬಾಕ್ಸಿನ ಮುಂದಣ ದಂಡಕ್ಕೆ ಆಸರೆಯೇ ಇರದು. ಫ್ಲೈವೀಲಿನ ತೂಕದ ಸಮತೋಲವೂ ಎಂಜಿನ್ನಿಗೆ ಒಪ್ಪಬೇಕು. ಆ ಕಾಲದ 289 ವಿ-8 ಎಂಜಿನ್ನಿಗೆ 28 ಔನ್ಸಿನದು ಬೇಕು. 1980ರ ದಶಕದ ಎಂಜಿನ್ನುಗಳ 50 ಔನ್ಸಿನದನ್ನು ಹಾಕಿದರೆ ಎಂಜಿನ್ನು ಅದುರಿ ಹಾಳಾಗುತ್ತದೆ. 1964ರ ಆಗಸ್ಟಿಗಿಂತ ಹಿಂದಿನ ಎಂಜಿನ್ನುಗಳಲ್ಲಿ ಬೆಲ್ ಹೌಸಿಂಗಿಗೆ ಐದು ಬೋಲ್ಟುಗಳಿದ್ದವು, ಅನಂತರದವುಗಳಲ್ಲಿ ಆರು. ಇದನ್ನು ಎಣಿಸದೆ ಕೊಂಡವರ ಹಣ ವ್ಯರ್ಥವಾಗುತ್ತದೆ. ಕಾಲಿನ ಒತ್ತಡವನ್ನು ಕ್ಲಚ್ಚಿಗೆ ಮುಟ್ಟಿಸುವ ಸರಳುಗಳೂ ಎಂಜಿನ್ನಿನ ಪಕ್ಕದ ಝಡ್ ಬಾರ್ ಎಂಬ ಅಡ್ಡದಂಡವೂ ಹೊಸದಾಗಿ ಬರಬೇಕು. ಆದುದರಿಂದ ಮಗನು ಹೇಳಿದ್ದು ನಿಜ, ಯಾರೂ ವಂಚಿಸುತ್ತಿಲ್ಲ.

ವೆಚ್ಚಕ್ಕಿಂತ ಹೆಚ್ಚಾಗಿ ತಂದೆಯವರು ಮಗನಿಗೆ ಎಚ್ಚರಿಸಬೇಕಾದ ಸಂಗತಿಗಳು ಮೂರಿವೆ.

ಮೊದಲನೆಯದು ಬ್ರೇಕಿನ ಪೆಡಲು. ಆಟೊಮ್ಯಾಟಿಕ್ ಕಾರಿನಲ್ಲಿ ಅದು ಅಗಲವಾಗಿರುತ್ತದೆ. ಕ್ಲಚ್ಚಿಗೆ ಎಡೆಮಾಡಲು ಅದನ್ನೇ ಗರಗಸದಿಂದ ಕೊಯ್ದು, ಬೆಸುಗೆ ಹಾಕಿ ಹೊಂದಿಸುವವರಿದ್ದಾರೆ. ಪ್ರಾಣವನ್ನು ಕಾಯುವ ಭಾಗದಲ್ಲಿ ಇಂತಹ ಮಿತವ್ಯಯ ಸಲ್ಲದು. ಕ್ಲಚ್ ಇರುವ ಮಸ್ಟಾಂಗಿನಲ್ಲಿ ಬ್ರೇಕಿನ ಪೆಡಲು ಕ್ಲಚ್ಚಿನ ಪೆಡಲಿನ ದಂಡದ ಮೇಲೆಯೇ ತೂಗುತ್ತದೆ. ಆದುದರಿಂದ ಎರಡನ್ನೂ ಅವುಗಳ ಆಧಾರಪಟ್ಟಿಯೊಡನೆ ಒಂದೇ ಜೊತೆಯಾಗಿ ಕೊಳ್ಳುವುದು ಲೇಸು. ಸವೆದ ಬುಷ್‌ಗಳನ್ನು ಆಗಲೇ ಬದಲಿಸಬೇಕು. ಕ್ಲಚ್ ಪೆಡಲಿನಲ್ಲಿ ಸುಮಾರು ಒಂದು ಅಂಗುಲ ಸಡಿಲಿಕೆ ಇರಲಿ. ಇಲ್ಲದಿದ್ದರೆ ಪ್ಲೇಟು ಬೇಗ ಸವೆಯುತ್ತದೆ. ಕೆಲಸ ಮುಗಿದ ಮೇಲೆ ಬ್ರೇಕಿನ ದೀಪ ಹತ್ತುವುದೇ ಎಂದು ನೋಡಲು ಮರೆಯಬಾರದು.

ಎರಡನೆಯದು ಸ್ಟಾರ್ಟಿನ ಸ್ವಿಚ್ಚು. ಆಟೊಮ್ಯಾಟಿಕ್ ಕಾರು ಪಾರ್ಕ್ ಅಥವಾ ನ್ಯೂಟ್ರಲ್‌ನಲ್ಲಿದ್ದಾಗ ಮಾತ್ರ ಸ್ಟಾರ್ಟ್ ಆಗುವಂತೆ ಅಲ್ಲೊಂದು ಸ್ವಿಚ್ಚಿರುತ್ತದೆ. ಗೇರ್‌ಬಾಕ್ಸ್ ಹೋದಾಗ ಅದಕ್ಕೆ ಕೆಲಸವಿರದು. ಸಾಮಾನ್ಯವಾಗಿ ಎರಡು ತಂತಿಗಳನ್ನು ಬೆಸೆದು ಮುಗಿಸಿಬಿಡುತ್ತಾರೆ. ಆಗ ಗೇರಿನಲ್ಲಿರುವ ಕಾರಿಗೆ ಕೀಲಿ ತಿರುಗಿಸಿದರೆ ಅದು ಮುಂದಕ್ಕೆ ಜಿಗಿಯುತ್ತದೆ. ಎದುರಿಗೆ ಮಗು ನಿಂತಿದ್ದರೆ ಗತಿಯೇನು? ಕ್ಲಚ್ ತುಳಿದಾಗ ಮಾತ್ರ ಸ್ಟಾರ್ಟ್ ಆಗುವಂತೆ ಆ ತಂತಿಗಳನ್ನು ಪೆಡಲಿನ ಬಳಿಯ ಸ್ವಿಚ್ಚೊಂದಕ್ಕೆ ಸೇರಿಸುವುದು ಕಷ್ಟವೇನಲ್ಲ.

ಮೂರನೆಯದು ಮನೆಯವರ ಅಭ್ಯಾಸ. ಪಾರ್ಕ್ ಎಂಬ ಸ್ಥಾನವು ಗೇರ್‌ಬಾಕ್ಸಿಗೆ ಬೀಗ ಹಾಕುತ್ತಿತ್ತು. ಇನ್ನು ಆ ಬೀಗವಿಲ್ಲ. ಇಳಿಜಾರಿನಲ್ಲಿ ಕಾರನ್ನು ನಿಲ್ಲಿಸುವುದು ಕೈಬ್ರೇಕು ಮತ್ತು ಗೇರು ಮಾತ್ರ. ಮಗನಿಗೆ ಇದು ತಿಳಿದಿದೆ. ಅಲ್ಲಿಯೇ ಚಾಲನೆ ಕಲಿತ ಸೊಸೆಗೆ ತಿಳಿದಿರಲಾರದು. ಕೈಬ್ರೇಕನ್ನು ಬಿಗಿಗೊಳಿಸಿ, ಆಕೆಗೂ ಅಭ್ಯಾಸ ಮಾಡಿಸಿದ ಮೇಲೆಯೇ ಕೀಲಿಯನ್ನು ಕೊಡಬೇಕು.

ಕಡೆಯದಾಗಿ ಒಂದು ಮಾತು. ಎಲ್ಲ ಭಾಗಗಳೂ ಮನೆಗೆ ಬಂದ ಮೇಲೆಯೇ ಮೊದಲ ಬೋಲ್ಟನ್ನು ಸಡಿಲಿಸಲಿ. ಕಳಚಿದ ಹಳೆಯ ಗೇರ್‌ಬಾಕ್ಸನ್ನೂ ಪೆಡಲನ್ನೂ ಹೆಸರು ಬರೆದು ಜೋಪಾನವಾಗಿಡಲಿ. ಮುಂದೆ ಆ ಕಾರನ್ನು ಕೊಳ್ಳುವವರು ಕಾರ್ಖಾನೆಯಿಂದ ಬಂದಂತೆಯೇ ಬೇಕೆಂದು ಕೇಳಬಹುದು. ತಂದೆಯವರು ನಿಶ್ಚಿಂತರಾಗಿರಲಿ, ಮುಂದಿನ ಪತ್ರದಲ್ಲಿ ಮಗನನ್ನು “ಎಷ್ಟು ಖರ್ಚಾಯಿತು?” ಎಂದು ಕೇಳುವ ಮೊದಲು “ಬ್ರೇಕು ಹೇಗಿದೆ?” ಎಂದು ಕೇಳಲಿ.