ಕಂಟ್ರೋಲ್ ಕಾಲದ ನೆನಪು ದಾಖಲಾಗಲಿ



ಎರಡನೇ ಮಹಾಯುದ್ಧ ಎಂದೊಡನೆ ಎಲ್ಲರೂ ಹಿಟ್ಲರ್, ಹಿರೋಶಿಮಾ ಎನ್ನುತ್ತಾರೆ. ಆ ಯುದ್ಧ ಅರಸೀಕೆರೆಯಂಥ ಊರಿನ ಅಡುಗೆಮನೆಗೂ ನುಗ್ಗಿತ್ತು ಎಂಬುದು ಇಂದಿನ ಮಕ್ಕಳಿಗೆ ಗೊತ್ತಿಲ್ಲ. 1942ರಲ್ಲಿ ಬರ್ಮಾ ಜಪಾನೀಯರ ಕೈಸೇರಿ, ಅಲ್ಲಿಂದ ಬರುತ್ತಿದ್ದ ಅಕ್ಕಿ ನಿಂತಿತು. ಸೀಮೆಎಣ್ಣೆ, ಸಕ್ಕರೆ, ಬಟ್ಟೆ ಎಲ್ಲಕ್ಕೂ ಕಂಟ್ರೋಲ್, ಅಂದರೆ ಸರ್ಕಾರದ ನಿಯಂತ್ರಣ ಬಂತು. ನಾವು ಹರಳೆಣ್ಣೆ ದೀಪದ ಬೆಳಕಿನಲ್ಲಿ ಮಗ್ಗಿ ಕಲಿತೆವು.

ಪೆಟ್ರೋಲ್ ಇಲ್ಲದೆ ಬಸ್ಸುಗಳು ಇದ್ದಿಲಿನ ಗ್ಯಾಸಿನಲ್ಲಿ ಓಡುತ್ತಿದ್ದವು. ಬೆಳಿಗ್ಗೆ ಕ್ಲೀನರ್ ಬಸ್ಸಿನ ಹಿಂದಿನ ಡ್ರಮ್ಮಿಗೆ ಇದ್ದಿಲು ಸುರಿದು, ಬೆಂಕಿ ಹಚ್ಚಿ, ಹಿಡಿಕೆ ತಿರುಗಿಸಿ ತಿರುಗಿಸಿ ಗಾಳಿ ಹಾಕುವುದನ್ನು ನೋಡಲು ಕೇರಿಯ ಮಕ್ಕಳೆಲ್ಲ ಸೇರುತ್ತಿದ್ದೆವು. ಮಸಿ ಹತ್ತಿದ ಅವನ ಮುಖದಲ್ಲಿ ಕಣ್ಣು ಮಾತ್ರ ಹೊಳೆಯುತ್ತಿತ್ತು. ದಿಬ್ಬ ಬಂದರೆ ಪ್ರಯಾಣಿಕರೇ ಇಳಿದು ತಳ್ಳಬೇಕು. ಲೋಹ ಉಳಿಸಲೆಂದು 1943ರಲ್ಲಿ ಬಂದ ತೂತಿನ ಕಾಸನ್ನು ಉಡಿದಾರಕ್ಕೆ ಪೋಣಿಸಿಕೊಳ್ಳುತ್ತಿದ್ದೆವು.

1945ರಲ್ಲಿ ಯುದ್ಧ ಮುಗಿದರೂ ಕ್ಯೂ ಮುಗಿಯಲಿಲ್ಲ. ಸ್ವಾತಂತ್ರ್ಯ ಬಂದ ಮೇಲೂ ಅವ್ವ ಚೀಟಿ ಹಿಡಿದು ರೇಷನ್ ಡಿಪೋ ಮುಂದೆ ನಿಲ್ಲುತ್ತಿದ್ದಳು. ನಮಗೆಲ್ಲ ಮುದ್ದೆ ಬಡಿಸಿ, ತಾನು ನೀರು ಕುಡಿದು ಮಲಗಿದ ರಾತ್ರಿಗಳೂ ಇದ್ದವು. ಆ ಕಾಲದ ಇತಿಹಾಸ ಬರೆಯುವವರು ಇಂಥ ತಾಯಂದಿರನ್ನು ಬಿಟ್ಟುಬಿಡುವುದು ಅನ್ಯಾಯ.

ಅದನ್ನೆಲ್ಲ ಕಂಡವರು ಈಗ ಕೆಲವರೇ ಉಳಿದಿದ್ದೇವೆ. ತಾಲ್ಲೂಕು ಸಾಹಿತ್ಯ ಪರಿಷತ್ತುಗಳು, ಕಾಲೇಜುಗಳ ಇತಿಹಾಸ ವಿಭಾಗಗಳು ನಮ್ಮ ಮಾತನ್ನು ಧ್ವನಿಮುದ್ರಿಸಿಕೊಳ್ಳಲಿ. ಮನೆಯ ಹಳೇ ಟ್ರಂಕಿನಲ್ಲಿ ಆ ಕಾಲದ ರೇಷನ್ ಚೀಟಿ ಸಿಕ್ಕರೆ ದಯವಿಟ್ಟು ರದ್ದಿಗೆ ಹಾಕಬೇಡಿ.

– ಹಿರಿಯ ಓದುಗ, ಅರಸೀಕೆರೆ