ಆಲ್ಪ್ಸ್‌ನ ಗಾಳಿಯೂ ಅಡಿಗೆಮನೆಯ ಉಪ್ಪೂ

ಸ್ವಿಟ್ಜರ್ಲೆಂಡನ್ನು ಕಂಡು ಬಂದ ನಮ್ಮವರು ಹಿಮಶಿಖರ, ಸಮಯಕ್ಕೆ ಸರಿಯಾದ ರೈಲು, ಗಡಿಯಾರ, ಚಾಕೊಲೇಟುಗಳ ವರ್ಣನೆ ಮುಗಿಸಿದ ಮೇಲೆ ತಪ್ಪದೆ ಆಡುವ ಮಾತೊಂದುಂಟು: "ಅಲ್ಲಿಯ ಜನರ ಆರೋಗ್ಯ ನೋಡಬೇಕು! ಆ ಗಾಳಿ, ಆ ನೀರಿನ ಗುಣವೇ ಹಾಗೆ." ಈ ಮಾತನ್ನು ನಾನು ಒಪ್ಪಲಾರೆ. ಮನುಷ್ಯಪ್ರಯತ್ನಕ್ಕೆ ಸಲ್ಲಬೇಕಾದ ಕೀರ್ತಿಯನ್ನು ಅದು ನಿಸರ್ಗಕ್ಕೆ ಒಪ್ಪಿಸಿಬಿಡುತ್ತದೆ.

ಹತ್ತೊಂಬತ್ತನೆಯ ಶತಮಾನದ ಪ್ರವಾಸಿಗರು ಕಂಡ ಸ್ವಿಟ್ಜರ್ಲೆಂಡೇ ಬೇರೆ. ಆ ಕಣಿವೆಗಳಲ್ಲಿ ಶಿಖರಗಳಷ್ಟೇ ಅವರ ಕಣ್ಣಿಗೆ ಬಿದ್ದದ್ದು ಗಳಗಂಡ, ಕೊರಳಿನಲ್ಲಿ ಜೋತುಬಿದ್ದ ಗಡ್ಡೆ. 1880ರಲ್ಲಿ ಪ್ರಕಟವಾದ ತಮ್ಮ ಯುರೋಪು ಪ್ರವಾಸದ ಗ್ರಂಥದಲ್ಲಿ ಮಾರ್ಕ್ ಟ್ವೇನ್ ಅದನ್ನು ಪ್ರೇಕ್ಷಣೀಯ ವಸ್ತುಗಳ ಸಾಲಿಗೇ ಸೇರಿಸಿ ಪರಿಹಾಸ ಮಾಡಿದ್ದಾರೆ. ಆದರೆ ಅದೇ ಊರುಗಳಲ್ಲಿ ಕುಬ್ಜರಾಗಿ, ಕಿವುಡು ಮೂಕರಾಗಿ, ಬುದ್ಧಿ ಬೆಳೆಯದೆ ಉಳಿದ ಮಕ್ಕಳೂ ಇದ್ದರು. ಗಾಳಿ ಅದೇ, ನೀರೂ ಅದೇ. ದೂರದ ಬೆಟ್ಟ ನುಣ್ಣಗೆ ಎಂಬ ಗಾದೆ ಆಲ್ಪ್ಸಿಗೂ ಸಲ್ಲುತ್ತದೆ. ಹಿಮಯುಗದ ಹಿಮನದಿಗಳು ಮೇಲ್ಮಣ್ಣನ್ನು ಉಜ್ಜಿ ಒಯ್ದುದರಿಂದ ಆ ನೆಲದಲ್ಲಿ ಅಯೋಡಿನ್ ಉಳಿಯಲಿಲ್ಲ. ನಾವು ಕೊಂಡಾಡುವ ತಿಳಿನೀರಿನಲ್ಲಿಯೂ ಅದು ಅತ್ಯಲ್ಪ.

ಬರ್ನ್ ನಗರದ ಶಸ್ತ್ರವೈದ್ಯ ಥಿಯೋಡೋರ್ ಕೋಖರ್ ಇಂಥ ಗಡ್ಡೆಗಳನ್ನು ಸಾವಿರಾರು ಸಂಖ್ಯೆಯಲ್ಲಿ ಕೊಯ್ದು, 1909ರಲ್ಲಿ ನೊಬೆಲ್ ಪಾರಿತೋಷಕ ಪಡೆದರು. ಥೈರಾಯ್ಡ್ ಗ್ರಂಥಿಯನ್ನು ಪೂರ್ತಿ ತೆಗೆದುಹಾಕಿದ ರೋಗಿಗಳು ಮಂಕಾಗುವರೆಂದು 1883ರಲ್ಲಿಯೇ ಜಗತ್ತಿಗೆ ತಿಳಿಸಿದವರೂ ಅವರೇ. ನಿಜವಾದ ಪರಿಹಾರ ದೊರೆತದ್ದು ಅಡಿಗೆಮನೆಯಲ್ಲಿ. 1918ರಲ್ಲಿ ಒಟ್ಟೋ ಬೇಯಾರ್ಡ್ ಎಂಬ ಹಳ್ಳಿಯ ವೈದ್ಯರು ಉಪ್ಪಿಗೆ ತೀರ ಸ್ವಲ್ಪ ಪೊಟ್ಯಾಸಿಯಂ ಅಯೋಡೈಡ್ ಬೆರೆಸಿ ಗ್ರೆಖೆನ್ ಎಂಬ ಬೆಟ್ಟದೂರಿನ ಕುಟುಂಬಗಳಿಗೆ ಹಂಚಿ ಪರೀಕ್ಷಿಸಿದರು. 1922ರಲ್ಲಿ ಹೆರಿಸೌ ಊರಿನ ಡಾಕ್ಟರ್ ಹಾನ್ಸ್ ಎಗ್ಗೆನ್‌ಬರ್ಗರ್ ಜನರ ಸಹಿ ಸಂಗ್ರಹಿಸಿ, ತಮ್ಮ ಪುಟ್ಟ ಪ್ರಾಂತದಲ್ಲಿ ಇಂಥ ಉಪ್ಪಿನ ಮಾರಾಟಕ್ಕೆ ಅನುಮತಿ ದೊರಕಿಸಿದರು. ಆಗ ಒಂದು ಕಿಲೋ ಉಪ್ಪಿಗೆ ಸೇರಿಸುತ್ತಿದ್ದ ಅಯೋಡಿನ್ 4 ಮಿಲಿಗ್ರಾಮಿಗೂ ಕಡಿಮೆ! ಅಷ್ಟರಿಂದಲೇ ಶಾಲಾಮಕ್ಕಳ ಕೊರಳು ಇಳಿಯತೊಡಗಿತು. ಕುಬ್ಜ ಶಿಶುಗಳ ಜನನ ಕ್ರಮೇಣ ನಿಂತೇಹೋಯಿತು.

ಬಲವಂತವಂತೂ ಇರಲಿಲ್ಲ. ಭಾನುವಾರ ಹುಲ್ಲು ಕತ್ತರಿಸುವ ಯಂತ್ರ ಓಡಿಸಿದರೆ ನೆರೆಯವರು ಗದರಿಸುವ ಆ ನಾಡಿನಲ್ಲಿ, ಅಯೋಡಿನ್ ಬೆರೆಸದ ಉಪ್ಪು ಇಂದಿಗೂ ಅಂಗಡಿಯಲ್ಲಿ ದೊರೆಯುತ್ತದೆ. ಜನ ತಿಳಿದು ಆರಿಸಿಕೊಂಡರು. ಪ್ರವಾಸಿಗರು ಛಾಯಾಚಿತ್ರ ತೆಗೆಯಲಾರದ ಸ್ವಿಸ್ ಸಂಸ್ಕೃತಿ ಇದು.

ನಮ್ಮ ದೇಶದಲ್ಲಿ ಹಿಮಾಲಯದ ತಪ್ಪಲಿನ ಕಾಂಗ್ಡಾ ಕಣಿವೆಗೂ ಇದೇ ವ್ಯಾಧಿ ಅಂಟಿತ್ತು. 1956ರಲ್ಲಿ ಅಲ್ಲಿ ಆರಂಭವಾದ ಡಾ. ವಿ. ರಾಮಲಿಂಗಸ್ವಾಮಿಯವರ ಪ್ರಯೋಗ ಉಪ್ಪಿನ ಮಹಿಮೆಯನ್ನು ಸಿದ್ಧಪಡಿಸಿತು. ಹೀಗಿದ್ದೂ ಮಹಾನಗರದ ನಮ್ಮ ಎಷ್ಟೋ ಮನೆಗಳಲ್ಲಿ ಈಗ ಅಯೋಡಿನ್ ಬೆರೆಸದ ಗುಲಾಬಿ ಉಪ್ಪು, ಸೈಂಧವ ಲವಣಗಳು 'ನೈಸರ್ಗಿಕ' ಎಂಬ ಹೆಸರಿನಲ್ಲಿ ನಿತ್ಯದ ಅಡಿಗೆಗೆ ಇಳಿದಿವೆ. ಮುಂಬಯಿ, ಚೆನ್ನೈಗಳ ಕಡಲು ಬಳಿಯಿದೆಯೆಂದು ನೆಮ್ಮದಿಪಡುವಂತಿಲ್ಲ. ಶುದ್ಧ ಸಮುದ್ರದ ಉಪ್ಪಿನಲ್ಲೂ ಅಯೋಡಿನ್ ನಗಣ್ಯ. ಉಪ್ಪು ಕಡಿಮೆ ಮಾಡಿರೆಂದು ವೈದ್ಯರು ಹೇಳುವುದು ಸರಿಯೇ. ತಿನ್ನುವಷ್ಟು ಉಪ್ಪಾದರೂ, ಮುಖ್ಯವಾಗಿ ಬಸುರಿಯಿರುವ ಮನೆಯಲ್ಲಿ, ಅಯೋಡಿನ್ ಬೆರೆತದ್ದಾಗಿರಲಿ. ಆಲ್ಪ್ಸ್‌ನ ಆ ಎಚ್ಚರದ ಜನರೂ ಉಪ್ಪಿನ ಲೆಕ್ಕ ನೋಡುವುದನ್ನು ಬಿಟ್ಟಿಲ್ಲ. ಪ್ರಮಾಣವನ್ನು ಹಂತಹಂತವಾಗಿ ಏರಿಸುತ್ತ ಬಂದು 2014ರಲ್ಲಿ ಕಿಲೋಗೆ 25 ಮಿಲಿಗ್ರಾಮಿಗೆ ತಂದಿದ್ದಾರೆ.